ಕುಲಸುಮಬಿ ಪೋಣಿಸಿದ ಕರಿಮಣಿ

ಸವಣೂರಿನಲ್ಲಿ ನಮ್ಮ ಮನೆಗೂ ಕುಲಸುಮಬಿಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ದಾನವ್ವ ಆ ಗೋಡೆಯ ಮೇಲಿಂದ ಆಕೆಯನ್ನು ತೋರಿಸಿ ಪರಿಚಯ ಮಾಡಿಕೊಟ್ಟ ರೀತಿ ಇದು: “ನೋಡು ಹಾಲವ್ವಾ, ನನ್ನ ಗಂಡ ಸತ್ತು ಎಷ್ಟೋ ವರ್ಷಾತು, ಇನ್ನೂ ಕನಸಿನ್ಯಾಗ ಬಂದು ಬೈತಾನ. ಇಕಿ ಗಂಡ ಜೀವಂತ ಅದಾನ, ಕನಸಿಗೂ ಬರಂಗಿಲ್ಲ.” ಕುಲಸುಮಬಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ವೀಳ್ಯದೆಲೆಯ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದವಳು “ಹೌದವಾ” ಎಂದು ಮತ್ತೆ ನೀರು ಚಿಮುಕಿಸಿದಳು.

ಅವಳ ಮಾತು ಹೆಚ್ಚಾಗಿ ಅಷ್ಟೇ. ಬೆಳಿಗ್ಗೆ ಎದ್ದು ತೋಟದವರಿಂದ ಎಲೆ ತರುತ್ತಿದ್ದಳು, ಕೊಳೆತದ್ದನ್ನು ಆರಿಸಿ ತೆಗೆಯುತ್ತಿದ್ದಳು, ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತು ಮಾರುತ್ತಿದ್ದಳು. ಶಿಗ್ಗಾಂವಿ ಬಸ್ಸು ಬಂದರೂ ಏಳುತ್ತಿರಲಿಲ್ಲ, ಹಾನಗಲ್ಲ ಬಸ್ಸು ಬಂದರೂ ಕೂಗುತ್ತಿರಲಿಲ್ಲ. ಬೇಕಾದವರು ಬಂದು ಕೊಳ್ಳಬೇಕು. ಮೊದಮೊದಲು ಇದೆಂಥ ಸೊಕ್ಕು ಎಂದುಕೊಂಡಿದ್ದೆ. ಅದು ಸೊಕ್ಕಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಅವಳಿಗೆ ಒಳಗೆಲ್ಲ ಹಾಗೆ ಹಿಡಿದಿತ್ತು.

ಅದು ಯಾವಾಗ ಹಿಡಿಯಿತು ಎಂಬುದನ್ನು ಅತ್ತೆ ಹೇಳುತ್ತಿದ್ದಳು. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಅವಳ ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದದ್ದು ಅವಳು, ಒಬ್ಬ ತಂಗಿ. ತಂಗಿಯನ್ನು ಸೋದರಮಾವ ಕರೆದೊಯ್ದ. ದೊಡ್ಡವಳನ್ನು ಸಾಕುವವರು ಯಾರು? ನವಾಬರ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಹುಸೇನಸಾಬನಿಗೆ ನಿಕಾ ಮಾಡಿ ಕೈ ತೊಳೆದುಕೊಂಡರು. ಆಗ ಅವಳಿಗೆ ಹದಿಮೂರು. ಗಂಡ ನಸುಕಿನಲ್ಲಿ ಲಾಯಕ್ಕೆ ಹೋದರೆ ದೀಪ ಆರಿದ ಮೇಲೆ ಬರುವವನು. ಹೊಸ ಸೊಸೆ ಹಗಲು ಹೊತ್ತು ಸೆರಗು ಎತ್ತಿ ಗಂಡನ ಮುಖ ನೋಡುವುದು ಆ ಕಾಲಕ್ಕೆ ಲಜ್ಜೆಗೆಟ್ಟ ಕೆಲಸ. ಕುಲಸುಮಬಿ ನೋಡಲಿಲ್ಲ. ಇನ್ನು ನೋಡೋಣ ಎನ್ನುವಷ್ಟರಲ್ಲಿ ಅವನು ಹೊರಟುಹೋದ.

ನವಾಬರಿಗೆ ಕುದುರೆ ತರಲೆಂದು ಲಾಯದ ಕೆಲವರನ್ನು ಬೊಂಬಾಯಿಗೆ ಕಳಿಸಿದ್ದರು. ಆಗ ದೊಡ್ಡ ಕುದುರೆಗಳು ಬರುತ್ತಿದ್ದುದು ಆಸ್ಟ್ರೇಲಿಯಾದಿಂದ, ಹಡಗಿನಲ್ಲಿ. ಅಲ್ಲಿ ಒಬ್ಬ ವ್ಯಾಪಾರಿ ಕುದುರೆ ಪಳಗಿಸುವವರು ಬೇಕೆಂದ. ನಮ್ಮೂರ ಇಬ್ಬರು ಹಡಗು ಹತ್ತಿಯೇಬಿಟ್ಟರು. ಇಬ್ಬರ ಹೆಸರೂ ಹುಸೇನ. ಒಬ್ಬ ಕುಲಸುಮಬಿಯ ಗಂಡ. ಇನ್ನೊಬ್ಬನಿಗೆ ಹಿಂದಿಲ್ಲ ಮುಂದಿಲ್ಲ, ಮದುವೆಯೂ ಇಲ್ಲ. ಅಡಿಲೇಡ್ ಎಂಬ ಊರಿನಲ್ಲಿ ಇಳಿದರಂತೆ ಎಂದು ವಾಪಸು ಬಂದವರು ಹೇಳಿದರು. ಅಷ್ಟರಲ್ಲಿ ಆ ದೇಶದವರು ಕಪ್ಪು ಜನ ಬರಬಾರದೆಂದು ಕಾಯಿದೆ ಮಾಡಿದರು. ಒಮ್ಮೆ ಹೊರಬಿದ್ದವರಿಗೆ ಮತ್ತೆ ಒಳಗೆ ಹೋಗುವುದು ಕಷ್ಟ. ಹೆಂಡತಿಯೋ ಅನ್ನವೋ ಎಂದು ಕೇಳಿದರೆ ಗಂಡಸು ಯಾವುದನ್ನು ಆರಿಸಿಕೊಳ್ಳುತ್ತಾನೆಂದು ನಾನು ಹೇಳಬೇಕಾಗಿಲ್ಲ.

ಸತ್ತ ಸುದ್ದಿ ಬರಲಿಲ್ಲ. ಊರಿನ ಕಾಜಿ ಖಾದರಸಾಬರು ಕಿತಾಬು ನೋಡಿ ಹೇಳಿದರು: ಕಾಣೆಯಾದ ಗಂಡನನ್ನು ಅವನಿಗೆ ತೊಂಬತ್ತು ತುಂಬುವವರೆಗೆ ಬದುಕಿದ್ದಾನೆಂದೇ ತಿಳಿಯಬೇಕು. ಹೀಗಾಗಿ ಕುಲಸುಮಬಿ ಮುತ್ತೈದೆ. ಕೈತುಂಬ ಹಸಿರು ಬಳೆ, ಕೊರಳಲ್ಲಿ ಕರಿಮಣಿ. ಸಂಸಾರ ಇರಲಿಲ್ಲ, ಮುತ್ತೈದೆತನ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು.

ಅವರಲ್ಲಿ ಒಂದು ಪದ್ಧತಿ. ಗಂಡಿನ ಕಡೆಯವರು ತಂದ ಕರಿಮಣಿಯನ್ನು ಮದುವೆಯ ಹಿಂದಿನ ದಿನ ಗಂಡನುಳ್ಳ ಹಿರಿಯ ಹೆಂಗಸು ದಾರಕ್ಕೆ ಪೋಣಿಸಬೇಕು. ಪೋಣಿಸುವವಳ ಗಂಡನ ಆಯುಷ್ಯ ಎಷ್ಟು ಉದ್ದವೋ ಮದುಮಗಳ ಮುತ್ತೈದೆತನ ಅಷ್ಟು ಉದ್ದ ಎಂಬುದು ಹೆಂಗಸರ ನಂಬಿಕೆ. ಇದು ಧರ್ಮದಲ್ಲೆಲ್ಲೂ ಇಲ್ಲ ಎಂದು ಖಾದರಸಾಬರು ಸಾರಿ ಸಾರಿ ಹೇಳಿದರು. ಅವರ ಹೆಂಡತಿಯೇ ಕೇಳಲಿಲ್ಲ, ಇನ್ನು ಊರು ಕೇಳುತ್ತದೆಯೇ? ಕುಲಸುಮಬಿಯ ಓರಗೆಯ ಹೆಂಗಸರ ಗಂಡಂದಿರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು. ಕೈಗೆ ಸಿಗದ ಗಂಡ ಮಾತ್ರ ಸಾಯಲಿಲ್ಲ. ಐವತ್ತು ವರ್ಷ ಗಟ್ಟಿಯಾಗಿ ನಿಂತ ಮುತ್ತೈದೆತನ ಸುತ್ತ ಯಾರಲ್ಲಿತ್ತು? ಹಾನಗಲ್ಲಿನಿಂದ ಕರೆ ಬಂತು, ಶಿಗ್ಗಾಂವಿಯಿಂದ ಬಂತು, ಹಿರೇಕೆರೂರು ಕಡೆಯ ಚಿಕ್ಕೇರೂರಿನಿಂದ ಗಾಡಿ ಕಟ್ಟಿಕೊಂಡೇ ಬಂದರು. ಇವಳು ಹೋಗಿ, ಚಾಪೆಯ ಮೇಲೆ ಕೂತು, ಮಣಿ ಪೋಣಿಸಿ, ಉಂಡು ಬರುತ್ತಿದ್ದಳು. ಮದುವೆ ಹೇಗಾಯಿತು ಎಂದು ಅತ್ತೆ ಕೇಳಿದರೆ “ಆತವಾ” ಎನ್ನುತ್ತಿದ್ದಳು.

ಅವಳಲ್ಲಿ ಜೀವ ಇದ್ದುದು ಒಂದೇ ಕಡೆ. ತಂಗಿಯ ಮೊಮ್ಮಗಳು ಶಾಕೀರಾ. ಹೆತ್ತವರಿಲ್ಲದ ಕೂಸನ್ನು ಹಾಲು ಬಿಡಿಸಿದ ದಿನದಿಂದ ಇವಳೇ ಸಾಕಿದ್ದು. ಮುದ್ದು ಮಾಡುತ್ತಿರಲಿಲ್ಲ, ಮಾತೂ ಕಡಿಮೆ. ಆದರೆ ಶಾಕೀರಾಗೆ ಜ್ವರ ಬಂದರೆ ಬುಟ್ಟಿಯಲ್ಲಿ ಎಲೆ ಒಣಗಿ ಹೋಗುತ್ತಿದ್ದವು, ಇವಳು ಮನೆ ಬಿಟ್ಟು ಏಳುತ್ತಿರಲಿಲ್ಲ. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಶಾಕೀರಾಗೆ ಅಕ್ಕಿಆಲೂರಿನ ಗಂಡು ಗೊತ್ತಾಯಿತು. ಅಕ್ಕಿ ಗಿರಣಿಯಲ್ಲಿ ಕೆಲಸ, ಹುಡುಗ ಒಳ್ಳೆಯವನು. ಅಂದು ಕುಲಸುಮಬಿ ತಾನಾಗಿ ಗೋಡೆಯ ಬಳಿಗೆ ಬಂದು ನಮ್ಮತ್ತೆಗೆ ಹೇಳಿದಳು: “ದಾನವ್ವಾ, ಇಷ್ಟು ಮಂದಿ ಮಕ್ಕಳಿಗೆ ಪೋಣಸೀನಿ. ಈಗ ಮನೀದು ಬಂತು.” ಅಷ್ಟು ಉದ್ದದ ಮಾತನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ಬದುಕಿನಲ್ಲಿ ಏನಾದರೂ ಬೇಕೆಂದು ಕೇಳಿದ್ದರೆ ಅದೊಂದೇ.

ಅಂಥ ಹೊತ್ತಿಗೆ ಬಂತು ಆ ಪುಸ್ತಕ.

ನಮ್ಮೂರಿನ ಹತ್ತಿ ವ್ಯಾಪಾರಿ ಚನ್ನವೀರಪ್ಪನವರು ಆಗ ಮುನಸಿಪಾಲಿಟಿಯ ಅಧ್ಯಕ್ಷರು. ಅವರ ಅಳಿಯ ಬೊಂಬಾಯಿಯ ಬಂದರಿನಲ್ಲಿ ನೌಕರಿಯಲ್ಲಿದ್ದ. ಯಾವುದೋ ಹಡಗಿನವರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕದಲ್ಲಿ ಸವಣೂರಿನ ಹೆಸರು ನೋಡಿ, ಮಾವನಿಗೆ ಕಳಿಸಿಕೊಟ್ಟ. ಅಡಿಲೇಡ್ ಊರಿನ ಹಿಂದಿನ ಗಣ್ಯರ ಪುಸ್ತಕ ಅದು. ಬಯಲು ಅಳೆದು ಬೀದಿ ಗೆರೆ ಎಳೆದವನು, ಮೊದಲ ಗವರ್ನರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವಳು, ತಾಮ್ರದ ಗಣಿಯ ಸಾಹುಕಾರ, ಎಲ್ಲರ ಭಾವಚಿತ್ರ ದೊಡ್ಡ ದೊಡ್ಡದಾಗಿ ಇದ್ದವು. ಕೊನೆಯ ಕಡೆ ಒಂದು ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿತ್ರ: ಪೇಟ ಸುತ್ತಿದ ಗಡ್ಡದ ಮುದುಕ, ಪಕ್ಕದಲ್ಲಿ ಕುದುರೆ. ಹೈಸ್ಕೂಲಿನ ಮಾಸ್ತರು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿದರು. ಸವಣೂರಿನ ಹುಸೇನ, ಕುದುರೆ ಗಾಡಿಯಲ್ಲಿ ಓಣಿ ಓಣಿ ಸುತ್ತಿ ಬಟ್ಟೆ ಮಾರುತ್ತಿದ್ದ. ದೊಡ್ಡ ಜ್ವರ ಬಂದು ಯಾರೂ ಯಾರನ್ನೂ ಮುಟ್ಟದ ವರ್ಷ, ಬಟ್ಟೆಯ ಗಂಟು ಕೆಳಗಿಳಿಸಿ ಅದೇ ಗಾಡಿಯಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಿದ. ಮಸೀದಿಯ ಪಕ್ಕದ ಕೋಣೆಯಲ್ಲಿ ಒಂಟಿಯಾಗಿದ್ದು ನಲವತ್ತೆಂಟನೆಯ ಇಸವಿಯಲ್ಲಿ ತೀರಿಕೊಂಡ. ಬಂಧುಗಳಿರಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಇವನು ಯಾರದೋ ಊರಿಗೆ ಉಪಕಾರಿ. ಕೇಳಿ ನನಗೆ ಮೈ ಉರಿಯಿತು. ಚನ್ನವೀರಪ್ಪನವರಿಗೆ ಮಾತ್ರ ಎದೆ ಉಬ್ಬಿತು. ಮುನಸಿಪಾಲಿಟಿ ಸಭಾಗೃಹದಲ್ಲಿ ಫೋಟೋ ಹಾಕುವುದು, ಹುಬ್ಬಳ್ಳಿಯಿಂದ ಪತ್ರಿಕೆಯವರನ್ನು ಕರೆಸುವುದು, ಭಾಷಣ ಮಾಡುವುದು ಎಲ್ಲ ನಿಶ್ಚಯವಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಚೌಕಟ್ಟು ಕೂಡ ಸಿದ್ಧ. ಒಂದೇ ತೊಡಕು, ಇದು ಯಾವ ಹುಸೇನ? ಲಾಯದ ಹಳಬರು ಯಾರೂ ಉಳಿದಿರಲಿಲ್ಲ. ಗುರುತು ಹೇಳುವವಳು ಇದ್ದರೆ ಕುಲಸುಮಬಿ ಒಬ್ಬಳೇ. ಗಣ್ಯರ ಹೆಂಡತಿ ಜೀವಂತ ಇದ್ದಾಳೆಂದರೆ ಸಮಾರಂಭಕ್ಕೂ ಕಳೆ.

ಚನ್ನವೀರಪ್ಪನವರು ಖುದ್ದಾಗಿ ಬಂದರು. ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದು ತೋರಿಸಿದರು. “ನೋಡ್ರಿ ಅಮ್ಮಾ, ನಿಮ್ಮ ಯಜಮಾನ್ರು ಎಷ್ಟು ದೊಡ್ಡ ಮನಿಷ್ಯಾ ಆಗಿದ್ರು. ಗುರುತು ಹತ್ತತೈತೇನ್ರಿ?”

ಕುಲಸುಮಬಿ ನೋಡಿದಳು. ಪುಸ್ತಕವನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದಳು. “ಕಣ್ಣು ಸರಿ ಕಾಣೂದಿಲ್ರಿ” ಎಂದಳು.

“ಅಡ್ಡಿಯಿಲ್ಲ, ದೊಡ್ಡ ಫೋಟೋ ಮಾಡಸಾಕತ್ತೇವಿ. ರವಿವಾರ ಸಭಾದಾಗ ಎಲ್ಲಾರ ಮುಂದ ಹೇಳೀರಂತ” ಎಂದು ಅವರು ಎದ್ದರು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ಗೋಡೆ ಸುತ್ತಿ ಅವಳ ಮನೆಗೆ ನಡೆದಳು. ಕುಲಸುಮಬಿ ಎಲೆ ಆರಿಸುತ್ತ ಕೂತಿದ್ದಳು.

“ಅಂವನ ಏನ?” ಅತ್ತೆ ಕೇಳಿದಳು.

“ಗೊತ್ತಿಲ್ಲವಾ. ಮಾರಿ ನೋಡಿದ್ದು ನೆನಪಿಲ್ಲ. ಕುದರಿ ವಾಸನಿ ಬರ್ತಿತ್ತು, ಅದೊಂದು ನೆನಪೈತಿ. ಆ ಚಿತ್ರದಾಗ ನೋಡಿದ್ರ ಯಾರೋ ಮುದುಕ ಕಾಣ್ತಾನ. ಏನೂ ಅನಸವಲ್ದು.”

ಅಳುತ್ತಾಳೇನೋ ಎಂದು ನಾನು ಕಾದೆ. ಅವಳಿಗೆ ಏನೂ ಆಗಲಿಲ್ಲ.

ಮರುದಿನದಿಂದ ಹೆಂಗಸರ ಗುಸುಗುಸು ಶುರುವಾಯಿತು. ಗಂಡಸರು ಫೋಟೋದ ಚಿಂತೆಯಲ್ಲಿದ್ದರೆ ಹೆಂಗಸರು ವರ್ಷದ ಲೆಕ್ಕ ಹಿಡಿದರು. ಸತ್ತದ್ದು ನಲವತ್ತೆಂಟರಲ್ಲಿ. ಹಾಗಾದರೆ ಆಮೇಲಿನ ಮದುವೆಗಳಲ್ಲೆಲ್ಲ ಕರಿಮಣಿ ಪೋಣಿಸಿದ್ದು ವಿಧವೆಯ ಕೈ! ನನ್ನ ಮಗಳದು ಐವತ್ತೊಂದರಲ್ಲಿ, ನನ್ನ ಸೊಸೆಯದು ಐವತ್ನಾಲ್ಕರಲ್ಲಿ ಎಂದು ಎದೆ ಹಿಡಿದುಕೊಂಡರು. ಚಿಕ್ಕೇರೂರಿನ ಒಬ್ಬ ಹುಡುಗಿಯ ಗಂಡ ಹಿಂದಿನ ಬೇಸಿಗೆಯಲ್ಲಿ ಬಾವಿಗೆ ಬಿದ್ದು ಸತ್ತಿದ್ದ. ಅವಳ ಮಣಿಯೂ ಕುಲಸುಮಬಿಯೇ ಪೋಣಿಸಿದ್ದು. ಈ ಮಾತು ಎಲ್ಲರ ಬಾಯಲ್ಲೂ ಬಂತು.

ಖಾದರಸಾಬರನ್ನು ಕೇಳಿದರೆ ಅವರು ಅಡ್ಡ ಗೋಡೆಯ ಮೇಲೆ ದೀಪ ಇಟ್ಟರು. ಅವಳು ಗುರುತು ಹೇಳಿದರೆ ವಿಧವೆ, ಅಲ್ಲವೆಂದರೆ ಗಂಡ ಬದುಕಿದ್ದ ಹಾಗೆಯೇ. ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿತು. ಹೌದೆಂದರೆ ಶಾಕೀರಾಳ ಕರಿಮಣಿಯನ್ನು ಅವಳು ಮುಟ್ಟುವಂತಿಲ್ಲ. ಅಲ್ಲವೆಂದರೆ ಮುಟ್ಟಬಹುದು, ಊರ ಹೆಂಗಸರ ಎದೆಯೂ ತಣ್ಣಗಾಗುತ್ತದೆ. ಮದುವೆ ಇದ್ದದ್ದು ಫೋಟೋ ಸಮಾರಂಭದ ಮರುವಾರ.

ಅತ್ತೆಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. “ಅಲ್ಲಂತ ಹೇಳಿಬಿಡು. ಬಂಧುಗಳಿಲ್ಲಂತ ಅವರ ಬರದಾರ. ಆ ಇನ್ನೊಬ್ಬ ಹುಸೇನ ಅಂತ ತಿಳಕೊಳ್ಳಲಿ. ಚನ್ನವೀರಪ್ಪಗ ಮಾಲಿ ಹಾಕಾಕ ಫೋಟೋ ಬೇಕು, ಯಾರದಾದ್ರೇನು?”

ಶಾಕೀರಾ ಅಜ್ಜಿಯ ಕೈ ಹಿಡಿದುಕೊಂಡಳು. “ನಾನಿ, ನೀ ಪೋಣಸಿದ್ದ ಬೇಕು ನಂಗ. ಬ್ಯಾರೇದವರ ಕೈಯಾಗಿಂದು ನಾ ಕಟ್ಟಿಸಿಕೊಳ್ಳಂಗಿಲ್ಲ. ಅಲ್ಲ ಅಂತಿ ಹೌದಿಲ್ಲೋ?”

“ನೋಡೂಣು ಬೇಟಿ” ಎಂದಳು ಕುಲಸುಮಬಿ. ಅಲ್ಲ ಎಂದೇ ಹೇಳುತ್ತಾಳೆಂದು ನಾವೆಲ್ಲ ತಿಳಿದೆವು. ಸುಳ್ಳು ಹೇಳಬೇಕಾದ ಪ್ರಸಂಗವೂ ಅಲ್ಲ, ಗೊತ್ತಿಲ್ಲದವಳು “ಅಲ್ಲ” ಎಂದರೆ ಯಾವ ಪಾಪ?

ರವಿವಾರ ಸಭಾಗೃಹ ತುಂಬಿತ್ತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬಂತೆ ಒಬ್ಬೊಬ್ಬರೂ ಎದ್ದು ಹುಸೇನನನ್ನು ಹೊಗಳಿದರು. ಅವನ ಮುಖ ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಕುಲಸುಮಬಿಯನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿಯ ಅಭ್ಯಾಸವಿಲ್ಲದೆ ಅಂಚಿಗೆ ಕೂತಿದ್ದಳು. ಎದುರಿಗೆ ಚೌಕಟ್ಟಿನ ಫೋಟೋ. ದೊಡ್ಡದು ಮಾಡಿಸಿದ್ದರಿಂದ ಮುಖ ಇನ್ನೂ ಮಸುಕಾಗಿತ್ತು.

ಚನ್ನವೀರಪ್ಪನವರು ಮೈಕಿನ ಮುಂದೆ ಬಾಗಿ ಕೇಳಿದರು: “ಅಮ್ಮಾ, ಇವರು ನಿಮ್ಮ ಯಜಮಾನ್ರು ಹೌದಲ್ರೀ?”

ಕುಲಸುಮಬಿ ಫೋಟೋವನ್ನು ನೋಡಿದಳು. ಆಮೇಲೆ ಹೆಂಗಸರ ಸಾಲಿನಲ್ಲಿ ನಿಂತಿದ್ದ ಶಾಕೀರಾಳನ್ನು ನೋಡಿದಳು. ಶಾಕೀರಾ ತಲೆ ಅಡ್ಡಡ್ಡ ಆಡಿಸುತ್ತಿದ್ದಳು.

“ಹೌದ್ರಿ. ಅವರ” ಎಂದಳು ಕುಲಸುಮಬಿ.

ಜನ ಚಪ್ಪಾಳೆ ತಟ್ಟಿದರು. ಹೆಂಗಸೊಬ್ಬಳು ವಿಧವೆಯಾದಾಗ ಚಪ್ಪಾಳೆ ಬಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವಳು ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು, ಕೊರಳಿನ ಕರಿಮಣಿಯನ್ನೂ ಬಿಚ್ಚಿಟ್ಟಳು. ಚನ್ನವೀರಪ್ಪನವರು ಅವನ್ನು ಒಂದು ಪಕ್ಕಕ್ಕೆ ಸರಿಸಿ ತಮ್ಮ ಭಾಷಣದ ಕಾಗದ ಹರಡಿಕೊಂಡರು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಾನೇ ವೇದಿಕೆ ಹತ್ತಿ ಬಳೆ, ಮಣಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಶೋಕದಲ್ಲಿ ಕೂರಬೇಕು, ಅದಕ್ಕೆ ಇದ್ದತ್ ಎನ್ನುತ್ತಾರೆ. ಕುಲಸುಮಬಿ ಮರುದಿನವೇ ಹಾಸಿಗೆ ಸುತ್ತಿ ಮೂಲೆಗೆ ಕೂರಲು ಹೊರಟಳು. ಖಾದರಸಾಬರು ಬಂದು ಬೇಡವೆಂದರು. “ಇದ್ದತ್ ಲೆಕ್ಕ ಸುದ್ದಿ ಬಂದ ದಿನದಿಂದ ಅಲ್ರಿ, ಸತ್ತ ದಿನದಿಂದ. ನಿಮ್ಮದು ಮುಗದು ಹತ್ತು ವರ್ಷದ ಮ್ಯಾಲಾತು. ಎಲಿ ಮಾರಾಕ ಹೋಗ್ರಿ, ಏನೂ ಅಡ್ಡಿಯಿಲ್ಲ.”

“ಹೌದ್ರಿ?” ಎಂದಳು ಅವಳು. ಎದ್ದು, ಬುಟ್ಟಿ ಎತ್ತಿಕೊಂಡಳು. ಶೋಕಕ್ಕೆಂದು ಒಂದು ದಿನವೂ ಅವಳ ಪಾಲಿಗೆ ಬರಲಿಲ್ಲ.

ಆ ವಾರ ಅವಳ ಮನೆಯ ಮುಂದೆ ಜನವೋ ಜನ. ಹಾನಗಲ್ಲಿನವರು, ಶಿಗ್ಗಾಂವಿಯವರು ಬಸ್ಸಿನಲ್ಲಿ ಬಂದು ಬಾಯಿಗೆ ಬಂದದ್ದು ಅಂದುಹೋದರು. ಅವಳು ಪೋಣಿಸಿದ ಮಣಿಗಳನ್ನೆಲ್ಲ ಹರಿದು ಬೇರೆ ಕೈಯಿಂದ ಪೋಣಿಸಿಕೊಂಡರು. ಚಿಕ್ಕೇರೂರಿನ ಆ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದಳು. “ನನ್ನ ಮಗಳ ಕೊಳ್ಳು ಬರಿದು ಮಾಡಿದ್ಯಲ್ಲ, ನಿನ್ನ ಕೈ ಬಿದ್ದುಹೋಗಲಿ!” ಕುಲಸುಮಬಿ ಎದ್ದು ಒಳಗೆ ಹೋಗಲಿಲ್ಲ. “ಹೌದವಾ” ಎನ್ನುತ್ತ ಕೊನೆಯವರೆಗೂ ಕೇಳಿಸಿಕೊಂಡಳು. ಕೊನೆಗೆ ನಮ್ಮತ್ತೆಯೇ ಹೊರಬಂದು, “ಬಾವಿಗೆ ಬಿದ್ದದ್ದು ನಿನ್ನ ಅಳಿಯಾ, ದೂಡಿದ್ದು ಇಕಿ ಅಲ್ಲ” ಎಂದು ಆ ಹೆಂಗಸಿನ ಭುಜ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಕರೆದೊಯ್ದಳು. ದಾರಿಯಲ್ಲಿ ಇಬ್ಬರೂ ಅತ್ತರಂತೆ.

ಶಾಕೀರಾ ಅಜ್ಜಿಯ ಜೊತೆ ಮಾತು ಬಿಟ್ಟಳು. “ಒಂದು ವಾರ ತಡೀಲಿಲ್ಲ. ಫೋಟೋದಾಗಿನ ಗಂಡ ಹೆಚ್ಚಾದ, ನಾ ಹೆಚ್ಚಾಗಲಿಲ್ಲ” ಎಂದು ನನ್ನ ಮುಂದೆ ಬಿಕ್ಕಿಬಿಕ್ಕಿ ಅತ್ತಳು. ನನಗೂ ಹಾಗೆಯೇ ಅನ್ನಿಸಿತ್ತು. ವೇದಿಕೆ, ಮಾಲೆ, ದೊಡ್ಡ ಮನುಷ್ಯನ ಹೆಂಡತಿ ಎಂಬ ಮಾತು, ಇವುಗಳಿಗೆ ಮುದುಕಿ ಮರುಳಾದಳೇನೋ ಎಂದುಕೊಂಡಿದ್ದೆ.

ಅಕ್ಕಿಆಲೂರಿನವರು ಬಂದರು. ಕರಿಮಣಿ ಪೋಣಿಸಲು ಗಂಡಿನ ಸೋದರತ್ತೆಯನ್ನು ಅವರೇ ಕರೆತಂದಿದ್ದರು. ಒಳಮನೆಯಲ್ಲಿ ಮದುವೆ ನಡೆದಾಗ ಕುಲಸುಮಬಿ ಹಿತ್ತಲಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅತ್ತೆಯೂ ನಾನೂ ಅವಳ ಜೊತೆ ಕೂತೆವು. ಅತ್ತೆಗೆ ತಡೆಯಲಾಗಲಿಲ್ಲ.

“ಈಗರ ಖರೇ ಹೇಳು. ಫೋಟೋದಾಗ ಇದ್ದಾಂವ ನಿನ್ನ ಗಂಡ ಹೌದೋ ಅಲ್ಲೋ?”

“ಗೊತ್ತಿಲ್ಲವಾ.”

“ಗೊತ್ತಿಲ್ಲದ ಮತ್ತ ಹೌದಂತ ಯಾಕಂದಿ?”

ಕುಲಸುಮಬಿ ಕೈಕೆಲಸ ನಿಲ್ಲಿಸಲಿಲ್ಲ. “ಅಂವ ಖರೇನ ಸತ್ತಿದ್ರ? ಮಂದಿ ಹುಡಿಗ್ಯಾರಿಗೆ ಪೋಣಸುವಾಗ ನಂಗ ಒಂದಿನಾನೂ ಅಂಜಿಕಿ ಬಂದಿದ್ದಿಲ್ಲ. ಇಕಿ ಕೊಳ್ಳಿಗೆ ಪೋಣಸೂದಂದ್ರ ಅಂಜಿಕಿ ಬಂತು. ಅಲ್ಲ ಅಂದಿದ್ರ ನಾನ ಪೋಣಸಬೇಕಾಗ್ತಿತ್ತು. ಬ್ಯಾಡ ಅಂದ್ರ ಆ ಹುಡಿಗಿ ಬಿಡ್ತಿದ್ದಿಲ್ಲ.”

ಅತ್ತೆ ಒಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡು ತಾನೂ ಸುಲಿಯತೊಡಗಿದಳು. ಒಳಗಿಂದ ಹೆಂಗಸರ ಗದ್ದಲ ಕೇಳಿಸಿತು. ಕುಲಸುಮಬಿ ತಲೆಯೆತ್ತಿದಳು.

“ಕಟ್ಟಿದ್ರೇನು, ನೋಡು ಹಾಲವ್ವಾ.”

ನಾನು ಎದ್ದು ಕಿಟಕಿಯಲ್ಲಿ ಇಣುಕಿದೆ. ಶಾಕೀರಾಳ ಕೊರಳಿಗೆ ಕರಿಮಣಿ ಬಿದ್ದಿತ್ತು. ಅವಳು ಆ ಗುಂಪಿನಲ್ಲಿ ಅಜ್ಜಿಯನ್ನು ಹುಡುಕುತ್ತಿದ್ದಳು.

“ಕಟ್ಟಿದ್ರು, ಅಮ್ಮಾ” ಎಂದೆ.

“ಛಲೋ ಆತು” ಎಂದಳು ಕುಲಸುಮಬಿ.